ಐದನೆಯ ಕಾಲು

ಶನಿವಾರ ಬೆಳಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ 'ಯಾಕೆ ಮೇಷ್ಟ್ರು' ಒಗೆದು ಒಣಗಿಸಿದ ಹೊದಿಕೆಯ ಒಂದಂಚನ್ನು ಗದ್ದದ ಕೆಳಗೆ ಒತ್ತಿ ಹಿಡಿದು, ಇನ್ನೊಂದಂಚನ್ನು ಎರಡೂ ಕೈಗಳಿಂದ ಮೇಲೆತ್ತುತ್ತಿದ್ದರು. ಅಗಲವಾದ ಹೊದಿಕೆಯನ್ನು ಒಬ್ಬರೇ ಮಡಚುವವರಿಗೆ ಗದ್ದವೇ ಎರಡನೆಯ ಆಳು. ಆಗ ಫೋನು ಬಡಿದುಕೊಂಡಿತು. ಅವರಿಗೆ ಫೋನು ಮಾಡುವವಳು ಅಕ್ಕ ಒಬ್ಬಳೇ, ಅದೂ ರಾತ್ರಿ ಊಟವಾದ ಮೇಲೆ.

'ಯಾಕೆ ಮೇಷ್ಟ್ರು' ಎಂಬುದು, ಎಲ್ಲದಕ್ಕೂ ಯಾಕೆ ಎಂದು ಕೇಳುತ್ತಿದ್ದುದರಿಂದ ಹುಡುಗರು ಇಟ್ಟ ಹೆಸರು. ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಮಾಹಿತಿ ವ್ಯವಸ್ಥೆಗಳ ತಾತ್ವಿಕ ತಳಹದಿ. ಕಂಪ್ಯೂಟರಿನಲ್ಲಿ ಬರೆದಿಟ್ಟದ್ದು ಲೋಕದಲ್ಲಿ ಇರುವುದಕ್ಕೆ ಹೊಂದುತ್ತದೆಯೆ, ಹೊಂದುತ್ತದೆಂದು ನಮಗೆ ಹೇಗೆ ಗೊತ್ತು ಎಂದು ವಿಚಾರಿಸುವ ಪಾಠ. ಕೆಲಸ ಕೊಡಿಸದ ಪಾಠವೆಂದು ತರಗತಿ ಬರಿದಾದಾಗ ಕಾಲೇಜು ಅದನ್ನು ದೂರಶಿಕ್ಷಣಕ್ಕೆ ಸಾಗಹಾಕಿತು. ಗಾಜಿನ ಕೋಣೆ, ಒಂದು ಮೇಜು, ಒಂದು ಕ್ಯಾಮೆರಾ, ಗುಂಡಿ ಒತ್ತಿದ ಕೂಡಲೇ ಟೀ ಕುಡಿಯಲು ಹೊರಡುವ ಕ್ಯಾಮೆರಾದವ. ಖಾಲಿ ಕೋಣೆಯಲ್ಲೂ ಮೇಷ್ಟ್ರು ಅಭ್ಯಾಸಬಲದಿಂದ ನಡುನಡುವೆ "ಅರ್ಥವಾಯಿತೆ?" ಎಂದು ಕೇಳಿ, ಉತ್ತರಕ್ಕೆ ಬೇಕಾದಷ್ಟು ಹೊತ್ತು ಬಿಟ್ಟು ಮುಂದುವರಿಯುತ್ತಿದ್ದರು.

"ಗೋಡೆಗೆ ಪಾಠ ಹೇಳೋಕೆ ಸಂಬಳ ಬೇರೆ ಕೊಡ್ತಾರಾ ನಿಂಗೆ?" ಎಂದು ಅಕ್ಕ ಛೇಡಿಸುತ್ತಿದ್ದಳು.

"ಗೋಡೆ ಅಲ್ಲ ಅಕ್ಕ. ಎಲ್ರೂ ಪೂರ್ತಿ ನೋಡಿದ್ದಾರೆ ಅಂತ ಕಂಪ್ಯೂಟರ್ ತೋರಿಸ್ತಿದೆ."

"ವಿಡಿಯೋ ಹಚ್ಚಿಟ್ಟು ಮಲಗಿದ್ರೂ ಅದು ಹಾಗೇ ತೋರಿಸುತ್ತೆ ಬಿಡು."

ಆ ಮಾತು ನಾಟಿತು, ಏಕೆಂದರೆ ಅದು ಅವರದೇ ಪಾಠ. ಗುರುತು ಮಾಡಿಟ್ಟದ್ದೆಲ್ಲ ಮಾಹಿತಿಯಲ್ಲ. ಅದು ಒಬ್ಬರಿಗೆ ಮುಟ್ಟಿ, ಅವರ ತಿಳಿವಳಿಕೆಯಲ್ಲಿ ಏನಾದರೂ ಬದಲಾದರೆ ಮಾತ್ರ ಮಾಹಿತಿ. ಹಾಗಾದರೆ ತಾನು ಇಷ್ಟು ದಿನ ಆಡಿದ್ದು ಏನು? ಪರೀಕ್ಷಿಸದೆ ನಂಬುವ ಜಾಯಮಾನ ಅವರದಲ್ಲ. ಕೊನೆಯ ಪಾಠದ ದಿನ, ಕಾಲುಗಳೆಲ್ಲ ಚೆನ್ನಾಗಿ ಕಾಣುವಂತೆ ಮೇಜನ್ನು ಕ್ಯಾಮೆರಾದ ಮುಂದಕ್ಕೆ ಎಳೆದು, ಅದರ ಮೇಲೆ ಕೈಯಿಟ್ಟು, ಅದರ ಕಾಲಿನ ಲೆಕ್ಕವನ್ನು ಬೇಕೆಂದೇ ತಪ್ಪಾಗಿ ಹೇಳಿದರು. ಕೇಳುವವರು ಒಬ್ಬರಿದ್ದರೂ "ಇದೇನು ಸಾರ್" ಎನ್ನದೆ ಇರಲಾರರು.

ಆ ವರ್ಷ ಯಾರೂ ಅನ್ನಲಿಲ್ಲ. ಮರುವರ್ಷ ಅದೇ ವಿಡಿಯೋ ಹಾಕಿದಾಗಲೂ ಇಲ್ಲ. ಹುಡುಗರು ಪಾಸಾದರು, ಪರದೆಯ ಮೇಲೆ ಎಲ್ಲರ ಹೆಸರಿನ ಮುಂದೆಯೂ ಹಸಿರು ಗುರುತು ಬಿತ್ತು. ಮೇಷ್ಟ್ರು ಎದ್ದ ಕೂಡಲೇ ಇಮೇಲ್ ನೋಡಿ, ಆಮೇಲೆ ಹಲ್ಲುಜ್ಜುತ್ತಿದ್ದರು. ಈ ವರ್ಷ ಕಾಲೇಜು ಪಾಠವನ್ನೇ ನಿಲ್ಲಿಸಿತು.

ಫೋನಿನಲ್ಲಿ ಗುರುತಿಲ್ಲದ ಹೆಣ್ಣುದನಿ.

"ಸಾರ್, ನಿಮ್ಮ ವಿಡಿಯೋ ಕೆಳಗಡೆ ಅಕ್ಷರ ಟೈಪ್ ಮಾಡೋಳು ನಾನು. ಪಾಠ ನಿಲ್ಲಿಸಿ ಎತ್ತಿಡ್ತಿದ್ದಾರಲ್ಲ, ಅದಕ್ಕೆ ಮುಂಚೆ ಅಕ್ಷರ ಹಾಕ್ಬೇಕಂತೆ. ಒಂದು ಡೌಟು. ಮೇಜಿನ ಕಾಲು ನೀವು ಹೇಳಿದ್ದಕ್ಕಿಂತ ಒಂದು ಕಮ್ಮಿ ಇದೆ."

ಹೊದಿಕೆ ಗದ್ದದಿಂದ ಜಾರಿ ನೆಲಕ್ಕೆ ಬಿತ್ತು.

"ಎಣಿಸಿದ್ರಾ?"

"ಎರಡು ಸಲ. ಹಿಂದೆ ಒಂದು ಅಡಗಿದೆಯೇನೋ ಅಂತ ವಿಡಿಯೋ ನಿಲ್ಲಿಸಿಯೂ ನೋಡ್ದೆ. ಈಗ ನೀವು ಹೇಳಿದ್ದನ್ನ ಬರೀಲಾ, ಇರೋದನ್ನ ಬರೀಲಾ?"

ವರ್ಷಗಟ್ಟಲೆ ಹುಡುಗರ ಮುಂದಿಟ್ಟ ಪ್ರಶ್ನೆ ತಿರುಗಿ ಅವರ ಬಾಗಿಲಿಗೇ ಬಂದಿತ್ತು.

"ಹೇಳಿದ್ದನ್ನೇ ಬರೀರಿ. ನೀವು ದಾಖಲು ಮಾಡ್ತಿರೋದು ನನ್ನ ಮಾತನ್ನ, ಮೇಜನ್ನಲ್ಲ."

"ನೋಡಿದೋರು ನಿಮ್ಮನ್ನ ದಡ್ಡ ಅಂದ್ಕೊಳಲ್ವಾ?"

"ಅಂದ್ಕೊಳ್ಳೋಕೆ ಯಾರಾದ್ರೂ ನೋಡ್ಬೇಕಲ್ಲ."

"ನಾನು ನೋಡಿದ್ನಲ್ಲ."

"ಅಂದ್ಕೊಂಡ್ರಾ?"

"ಸ್ವಲ್ಪ."

ಮೇಷ್ಟ್ರು ನಕ್ಕರು. "ಮಿಕ್ಕ ಪಾಠಗಳನ್ನೂ ಕೇಳಿದ್ರಾ?"

"ಕೇಳದೆ ಹೇಗೆ ಟೈಪ್ ಮಾಡೋದು? ಮೂರನೇದರಲ್ಲಿ ನಿಮಗೆ ನೆಗಡಿ. ಅರ್ಥವಾಯಿತೆ ಅಂತ ಕೇಳಿ ಸುಮ್ಮನಾಗ್ತೀರಲ್ಲ, ಅಲ್ಲೆಲ್ಲ ನಾನು ಹೂಂ ಅಂತಿದ್ದೆ. ಪಕ್ಕದ ಸೀಟಿನವಳು ನಗೋಳು."

"ಇನ್ನೆಷ್ಟು ಉಳಿದಿವೆ?"

"ಇದೇ ಕೊನೇದು ಸಾರ್. ಸೋಮವಾರದಿಂದ ಯಾವುದೋ ಪಂಪ್ ರಿಪೇರಿ ವಿಡಿಯೋ ಕೊಟ್ಟಿದ್ದಾರೆ. ಇಡ್ಲಾ?"

ಹೆಸರು ಕೇಳಲು ನೆನಪಾಗುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಮೇಷ್ಟ್ರು ಹೊದಿಕೆಯನ್ನೆತ್ತಿ ಕೊಡವಿ, ಮತ್ತೆ ಗದ್ದದ ಕೆಳಗೆ ಹಿಡಿದರು.

ಮರುವಾರ ಎತ್ತಿಟ್ಟ ಪಾಠವನ್ನು ತೆರೆದು ನೋಡಿದರು. "ಅರ್ಥವಾಯಿತೆ?" ಎಂದು ತಾವೇ ಕೇಳಿ ಸುಮ್ಮನಾದ ಜಾಗದಲ್ಲಿ ಕೆಳಗೆ ಅಕ್ಷರವಿರಲಿಲ್ಲ. ಆ ಖಾಲಿಯನ್ನು ಮುಂದೆ ಓಡಿಸದೆ, ಕಿವಿಗೊಟ್ಟು ಪೂರ್ತಿ ಕೇಳಿದರು. ಆಮೇಲೆ ಪರದೆಯ ಮೇಲಿನ ಮೇಷ್ಟ್ರು ಮೇಜಿನ ಮೇಲೆ ಕೈಯಿಟ್ಟರು. ಅವರ ಮಾತಿನ ಜೊತೆಗೇ ಕೆಳಗೆ ಬಿಳಿಯ ಅಕ್ಷರಗಳು ಮೂಡಿದವು: ಈ ಮೇಜಿಗೆ ಕಾಲು ಐದು.