ಕಾಲರ್ ಸಾಹೇಬರು

ನಮ್ಮ ಗಾಲ್ಫ್ ಕ್ಲಬ್ಬಿನ ಕಾರ್ಯದರ್ಶಿಗೆ ನಾವಿಟ್ಟ ಹೆಸರು ಕಾಲರ್ ಸಾಹೇಬರು. ಬೆಳಗಾದರೆ ಸಾಕು, ಕೋಟೆ ಕಾಯುವ ಸೇನಾಪತಿಯಂತೆ ಹುಲ್ಲಿನಂಚಿನಲ್ಲಿ ನಿಂತು, ಆಡಲು ಬಂದವರನ್ನು ಅಡಿಯಿಂದ ಮುಡಿಯವರೆಗೆ ಜಾಲಾಡುತ್ತಾರೆ. ಕಾಲರಿಲ್ಲದ ಅಂಗಿ ಕಂಡರೆ ಹಾವು ತುಳಿದವರಂತೆ ಹೌಹಾರುತ್ತಾರೆ. ಜೀನ್ಸ್ ತೊಟ್ಟ ನ್ಯಾಯಾಧೀಶರನ್ನೂ ಗೇಟಿನಿಂದಲೇ ಹಿಂದಕ್ಕೆ ಅಟ್ಟಿದ ಶೂರರು ಅವರು. "ಹೊಡೆತ ತಪ್ಪಿದ್ರೂ ಪರವಾಗಿಲ್ಲ, ಗುಂಡಿ ತಪ್ಪಬಾರದು" ಎಂಬುದು ಅವರ ವೇದವಾಕ್ಯ. ಈ ಕೋಟೆಗೆ ದಿನವೂ ಲಗ್ಗೆ ಹಾಕುತ್ತಿದ್ದವರು ಒಬ್ಬರೇ, ಅವರ ಅಕ್ಕನ ಗಂಡ. ಗುಂಡಿ ಬಿಚ್ಚಿ, ಅಂಗಿಯನ್ನು ಪ್ಯಾಂಟಿನ ಹೊರಗೆ ಇಳಿಬಿಟ್ಟು ಬಂದು, "ಏನಯ್ಯಾ, ಚೆಂಡಿಗೂ ಒಂದು ಕಾಲರ್ ಹೊಲಿಸ್ತೀಯಾ?" ಎಂದು ಎಲ್ಲರೆದುರು ಕೆಣಕುತ್ತಿದ್ದರು. "ಭಾವ, ಮೊದ್ಲು ಗುಂಡಿ ಹಾಕ್ಕೊಳ್ಳಿ" ಎಂದು ಇವರು ಹಲ್ಲು ಕಡಿಯುತ್ತಿದ್ದರು. ಕಳೆದ ವಾರ ಆ ಭಾವ ಆಡುತ್ತಿದ್ದಂತೆಯೇ ಎದೆ ಹಿಡಿದುಕೊಂಡು ಕುಸಿದರು. ಜೊತೆಯಲ್ಲಿ ಆಡುತ್ತಿದ್ದ ಡಾಕ್ಟರು ಎದೆ ಒತ್ತತೊಡಗಿದರೆ, ನಮ್ಮ ಸೇನಾಪತಿ "ಗಾಳಿ, ಗಾಳಿ" ಎಂದು ಅರಚುತ್ತಾ ತಮ್ಮ ಅಂಗಿಯನ್ನೇ ಕಳಚಿ ಬೀಸಿದರು. ಡಾಕ್ಟರು ಕೈಚೆಲ್ಲಿ ಎದ್ದು ನಿಂತ ಮೇಲೂ, ಇಡೀ ಕ್ಲಬ್ಬು ನೋಡುತ್ತಿರುವಾಗ, ಬರೀ ಬನೀನಿನಲ್ಲಿ ಮಂಡಿಯೂರಿ, "ಭಾವ, ಇಲ್ನೋಡಿ, ನನಗೂ ಕಾಲರಿಲ್ಲ. ಏನಾದ್ರೂ ಅನ್ನಿ ಭಾವ" ಎನ್ನುತ್ತಲೇ ಇದ್ದರು.