ಒಂದು ಪೊಟ್ಟಣ ಕೆಮ್ಮಿನ ಪುಡಿ

ಮುನಿರಾಮಯ್ಯ ಸತ್ತುಹೋದ. ೧೯೫೮ನೇ ಇಸವಿ, ಡಿಸೆಂಬರ್ ತಿಂಗಳು. ಶುಕ್ರವಾರ ರಾತ್ರಿ ಮಲಗಿದವನು ಶನಿವಾರ ಬೆಳಿಗ್ಗೆ ಏಳಲಿಲ್ಲ.

ಚನ್ನಕೇಶವ ಮೇಷ್ಟರಿಗೆ ಸುದ್ದಿ ತಿಳಿದದ್ದು ಪಾರ್ಕಿನ ಗೇಟಿನಲ್ಲಿ, ಕಡಲೆಕಾಯಿ ಮಾರುವ ಕೆಂಪಯ್ಯನ ಬಾಯಿಂದ.

"ನಿಮ್ಗೆ ಹೇಳಿ ಕಳಿಸ್ಲಿಲ್ವಾ ಸಾರ್?"

ಕಳಿಸಿರಲಿಲ್ಲ. ಮೂರು ವರ್ಷದ ಸ್ನೇಹ. ಕೊನೆಯ ಐದು ವಾರ ಮಾತಿರಲಿಲ್ಲ.

ಮುನಿರಾಮಯ್ಯ ಕಾಮಾಕ್ಷಿಪಾಳ್ಯದವನು. ಗಿರಣಿಯಲ್ಲಿ ಬಲಗೈಯ ಎರಡು ಬೆರಳು ಹೋದ ಮೇಲೆ ರಾಜಾಜಿನಗರದ ಹೊಸ ಪಾರ್ಕಿನಲ್ಲಿ ಗಿಡಗಳಿಗೆ ನೀರು ಹಾಕುವ ಕೆಲಸ ಸಿಕ್ಕಿತ್ತು. ಅದರ ಜೊತೆಗೆ ರೇಡಿಯೋ ಗೂಡಿನ ಬೀಗದ ಕೈಯೂ ಅವನ ಸೊಂಟಕ್ಕೆ ಬಂತು. ಸಂಜೆ ಆರಕ್ಕೆ ಗೂಡು ತೆಗೆದು ರೇಡಿಯೋ ಹಚ್ಚಬೇಕು, ಎಂಟೂವರೆಗೆ ಆರಿಸಬೇಕು. ಸುತ್ತಲಿನ ಮನೆಗಳಲ್ಲಿ ರೇಡಿಯೋ ಇಲ್ಲದ ಕಾಲ. ಮಾರೇನಹಳ್ಳಿಯಿಂದಲೂ ಜನ ಚಾಪೆ ಹಿಡಿದು ಬರುತ್ತಿದ್ದರು.

ಶುಕ್ರವಾರ ಮಾತ್ರ ಅವನ ರೀತಿಯೇ ಬೇರೆ. ಅಂದು ಏಳು ಗಂಟೆಗೆ ರಂಗಗೀತೆಗಳು. ಹೆಚ್ಚಾಗಿ ನಾಟಕದ ಅನಂತಲಕ್ಷ್ಮಿಯವರ ಹಾಡು. ಮುನಿರಾಮಯ್ಯ ಒಗೆದ ಅಂಗಿ ತೊಟ್ಟು ಬರುತ್ತಿದ್ದ. ಗೂಡಿನ ಮುಂದೆ ನೀರು ಚಿಮುಕಿಸಿ, ಒಂದು ಊದುಬತ್ತಿ ಹಚ್ಚಿ ಮಣ್ಣಿಗೆ ಸಿಕ್ಕಿಸುತ್ತಿದ್ದ. ದನಿ ಕೇಳಿದ ಕೂಡಲೇ ಕೈಮುಗಿದು, "ಅಮ್ಮೋರು ಬಂದ್ರು" ಎನ್ನುತ್ತಿದ್ದ. ಮಳೆ ಬಂದರೆ, "ಪಾಪ, ಈ ಮಳೇಲಿ ರೇಡಿಯೋ ಸ್ಟೇಷನ್‌ಗೆ ಹೆಂಗೆ ಹೋದ್ರೋ" ಎಂದು ಒದ್ದಾಡುತ್ತಿದ್ದ.

ಅವರು ಎಲ್ಲಿಗೂ ಹೋಗಿರಲಿಲ್ಲ. ಸ್ಟೇಷನ್ನಿನಲ್ಲಿ ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದರು. ಇದು ದಿನವೂ ಗೂಡಿನ ಹತ್ತಿರದ ಬೆಂಚಿನ ಮೇಲೆ ಕೂತು ಕೇಳುತ್ತಿದ್ದ ಮೇಷ್ಟರಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡರು. ಆಮೇಲೆ ಹೇಳಲು ಮನಸ್ಸಾಗಲಿಲ್ಲ. ಅದೂ ಪೂರ್ತಿ ನಿಜವಲ್ಲ; ಶಾಲೆಯಲ್ಲಿ ಜೊತೆಯ ಮೇಷ್ಟರುಗಳಿಗೆ ಈ ಕಥೆ ಹೇಳಿ ನಗಿಸಿದ್ದೂ ಉಂಟು.

ಒಂದು ಹಾಡಿನಲ್ಲಿ, ಪಲ್ಲವಿ ಮುಗಿದು ಚರಣ ಹಿಡಿಯುವ ಮುನ್ನ, ಅನಂತಲಕ್ಷ್ಮಿಯವರು ಸಣ್ಣಗೆ ಕೆಮ್ಮುತ್ತಾರೆ. ಎರಡು ಶುಕ್ರವಾರ ಆ ಹಾಡೇ ಬಂತು. ಎರಡನೆಯ ಸಲ ಮುನಿರಾಮಯ್ಯನ ಮುಖ ಬಾಡಿತು.

"ಹೋದ್ವಾರಾನೂ ಇಲ್ಲೇ ಕೆಮ್ಮಿದ್ರು ಮೇಷ್ಟ್ರೇ. ಎತ್ತರದ ದನಿ ತೆಗೆಯೋವಾಗ ಗಂಟಲು ಹಿಡೀತದೆ."

ಮರುದಿನ ಅವನ ಹೆಂಡತಿ ಅಂಜಮ್ಮ ಮೆಣಸು, ಒಣಶುಂಠಿ, ಜ್ಯೇಷ್ಠಮಧು ಕುಟ್ಟಿ ಬಟ್ಟೆಯಲ್ಲಿ ಜರಡಿ ಹಿಡಿದು ಪೊಟ್ಟಣ ಕಟ್ಟಿಕೊಟ್ಟಳು. ಮುನಿರಾಮಯ್ಯ ಹೇಳಿದ, ಮೇಷ್ಟರು ಅನಂತಲಕ್ಷ್ಮಿಯವರಿಗೆ ಕಾಗದ ಬರೆದರು: ಬಿಸಿ ಹಾಲಿನಲ್ಲಿ ಕದಡಿ ರಾತ್ರಿ ಕುಡಿಯಬೇಕು, ಮೊಸರು ಮುಟ್ಟಬಾರದು. ಅಂಚೆಗೆ ಹಾಕುತ್ತೇನೆಂದು ಪೊಟ್ಟಣವನ್ನೂ ಕಾಗದವನ್ನೂ ಅವರೇ ತೆಗೆದುಕೊಂಡು ಹೋದರು.

ಅದಾದ ಮೇಲೆ ಆ ಹಾಡು ಬಹಳ ದಿನ ಬರಲಿಲ್ಲ, ಕೆಮ್ಮೂ ಕೇಳಲಿಲ್ಲ. ಮುನಿರಾಮಯ್ಯ ಪಾರ್ಕಿಗೆ ಬಂದವರಿಗೆಲ್ಲ, "ನಮ್ಮ ಪುಡಿ ಹಿಡೀತು" ಎಂದು ಹೇಳಿಕೊಂಡು ತಿರುಗಿದ.

ಅಕ್ಟೋಬರ್ ಕೊನೆಯಲ್ಲಿ ಅನಂತಲಕ್ಷ್ಮಿಯವರು ತೀರಿಕೊಂಡರೆಂದು ಸಂಜೆಯ ವಾರ್ತೆಯಲ್ಲಿ ಬಂತು. ಚಾಪೆಯ ಮೇಲಿದ್ದ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು; ಎಂಟೂವರೆಗೆ ಎದ್ದು ಮನೆಗೆ ಹೋದರು. ಮುನಿರಾಮಯ್ಯ ಮಾರನೆಯ ದಿನ ತಲೆ ಬೋಳಿಸಿಕೊಂಡು ಬಂದ. ಹನ್ನೊಂದು ದಿನ ಒಗ್ಗರಣೆ ಹಾಕಿದ ಸಾರು ಉಣ್ಣಲಿಲ್ಲ, ದೇವಸ್ಥಾನದ ಮೆಟ್ಟಿಲು ಹತ್ತಲಿಲ್ಲ.

"ಏನಣ್ಣೋ, ಆಯಮ್ಮ ನಿಂಗೇನು ಸೋದರತ್ತೆನಾ?" ಎಂದು ಕೆಂಪಯ್ಯ ಕೆಣಕಿದ.

"ಮೂರು ವರ್ಷದಿಂದ ವಾರವಾರ ಬಂದವ್ರೆ ಕಣೋ. ನಿನ್ನ ಸೋದರತ್ತೆ ಎಷ್ಟು ಸಲ ಬಂದವ್ಳೆ, ಹೇಳು?"

ಮೇಷ್ಟರು ನಕ್ಕರು. ಆಗಲಾದರೂ ಹೇಳಬಹುದಿತ್ತು.

ಸೂತಕ ಕಳೆದ ಮೇಲಿನ ಶುಕ್ರವಾರ, ಏಳು ಗಂಟೆಗೆ ರೇಡಿಯೋದಲ್ಲಿ ಅದೇ ದನಿ ಎದ್ದಿತು. ಮುನಿರಾಮಯ್ಯ ದಿಗ್ಗನೆ ಎದ್ದು ನಿಂತ. ಬೋಳುತಲೆಯ ಮೇಲೆ ಕೈಯಿಟ್ಟುಕೊಂಡು ಮಗುವಿನ ಹಾಗೆ ನಕ್ಕ.

"ಮೇಷ್ಟ್ರೇ, ಬದುಕವ್ರೆ! ಆ ವಾರ್ತೆಯವ್ನ ನಾಲಿಗೆ ಸೇದೋಗ! ಅಮ್ಮೋರು ಬದುಕವ್ರೆ!"

ಪಲ್ಲವಿ ಮುಗಿಯಿತು. ಕೆಮ್ಮು ಬಂತು, ಅದೇ ಜಾಗದಲ್ಲಿ, ಅಷ್ಟೇ ಸಣ್ಣಗೆ.

ಅವನ ನಗು ಅರ್ಧದಲ್ಲೇ ನಿಂತಿತು. ಹಾಡು ಮುಗಿಯುವವರೆಗೂ ರೇಡಿಯೋದ ಕಡೆಗೇ ನೋಡುತ್ತ ನಿಂತಿದ್ದ. ಆಮೇಲೆ ಮೇಷ್ಟರ ಬೆಂಚಿನ ಹತ್ತಿರ ಬಂದ.

"ಇದೇನು?"

"ಪ್ಲೇಟು, ಮುನಿರಾಮಯ್ಯ. ಎಂದೋ ಒಂದು ಸಲ ಹಾಡಿದ್ದು."

"ಎಲ್ಲಾ ಶುಕ್ರವಾರಾನೂ?"

"ಎಲ್ಲಾ ಶುಕ್ರವಾರಾನೂ."

"ನಿಮ್ಗೆ ಗೊತ್ತಿತ್ತು."

ಅವನು ತನ್ನ ಬಲಗೈಯ ಮೊಂಡು ಬೆರಳುಗಳನ್ನು ಇನ್ನೊಂದು ಕೈಯಿಂದ ಒತ್ತಿಕೊಂಡ.

"ಆ ಪುಡಿ?"

ಸುಳ್ಳು ಹೇಳಿಬಿಡಬಹುದಿತ್ತು. ಇಷ್ಟು ದಿನ ಹೇಳಿದವರಿಗೆ ಇನ್ನೊಂದು ಕಷ್ಟವೇನಿರಲಿಲ್ಲ. ಆದರೆ ಆ ಹೊತ್ತಿಗೆ ಹಾಳಾದ ನಿಜವೇ ಬಾಯಿಗೆ ಬಂತು.

"ಮನೇಲೇ ಇತ್ತು. ನನಗೇ ನೆಗಡಿ ಆಗಿತ್ತು... ಕುಡಿದುಬಿಟ್ಟೆ."

"ಹಿಡೀತಾ?" ಎಂದು ಮುನಿರಾಮಯ್ಯ ಕೇಳಿದ.

ಅದೇ ಅವನು ಅವರೊಡನೆ ಆಡಿದ ಕೊನೆಯ ಮಾತು. ಉತ್ತರಕ್ಕೆ ಕಾಯಲಿಲ್ಲ.

ಐದು ವಾರ ಮೇಷ್ಟರು ದಿನವೂ ಅದೇ ಬೆಂಚಿನ ಮೇಲೆ ಹೋಗಿ ಕೂತರು. ಅವನು ಗಿಡಗಳಿಗೆ ನೀರು ಹಾಕಿದ, ರೇಡಿಯೋ ಹಚ್ಚಿದ, ಆರಿಸಿದ. ಶುಕ್ರವಾರಗಳಂದು ಗೂಡಿನ ಮುಂದೆ ನೀರಿಲ್ಲ, ಊದುಬತ್ತಿಯಿಲ್ಲ. ತಲೆಯ ಮೇಲೆ ಬಿಳಿಗೂದಲು ಮೊಳೆಯುತ್ತಿತ್ತು.

ಕೊನೆಯ ಶುಕ್ರವಾರ ಮತ್ತೆ ಆ ಹಾಡು ಬಂತು. ಚಾಪೆಯ ಮೇಲಿದ್ದವರು ಮಾತು ನಿಲ್ಲಿಸಿ ಕಿವಿಗೊಟ್ಟರು. ಪಲ್ಲವಿ ಮುಗಿಯುತ್ತಿದ್ದಂತೆ ಮುನಿರಾಮಯ್ಯ ಗೂಡಿನೊಳಗೆ ಕೈ ಹಾಕಿ ರೇಡಿಯೋದ ದನಿಯನ್ನು ಪೂರ್ತಿ ಇಳಿಸಿದ. ಒಂದು ಕೆಮ್ಮಿನಷ್ಟು ಹೊತ್ತು ತಡೆದು, ಮತ್ತೆ ಏರಿಸಿದ. ಚರಣ ಶುರುವಾಗಿತ್ತು. ಎಂಟೂವರೆಗೆ ರೇಡಿಯೋ ಆರಿಸಿ ಗೂಡಿಗೆ ಬೀಗ ಹಾಕಿದ, ಎರಡು ಸಲ ಜಗ್ಗಿ ನೋಡಿದ. ಕಂಬಳಿ ಹೊದ್ದು, ಮೇಷ್ಟರ ಬೆಂಚಿನ ಮುಂದೆ ಹಾಯುವ ಹಾದಿ ಬಿಟ್ಟು, ಬೇಲಿಯ ಅಂಚಿನಲ್ಲಿ ಇಡೀ ಪಾರ್ಕು ಸುತ್ತಿಕೊಂಡು ಮನೆಗೆ ಹೋದ.