ಕಾರಿನಡಿ ಹಾಸಿದ ಪೇಪರ್

ಸೀಮೆಎಣ್ಣೆಗೆ ಮಲ್ಲಿಗೆ ಪೌಡರು ಬೆರೆತರೆ ಎಂಥ ವಾಸನೆ ಬರುತ್ತೆ ಅನ್ನೋದು ಬಹಳ ಜನಕ್ಕೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ನಿನ್ನೆ ನಮ್ಮ ಹಳೇ ಕಾರಿನ ಕೆಳಗೆ ಆಯಿಲ್ ತೊಟ್ಟಿಕ್ಕಿದ್ದು ಕಂಡು ಬಾನೆಟ್ ಎತ್ತಿದೆ. ಇಂಜಿನ್ನನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಆರಿದ ಮೇಲೆ ಮುಖಕ್ಕೆ ಹಚ್ಚೋ ಪೌಡರು ಉದುರಿಸಿದೆ. ಆ ವಾಸನೆ ಬಂದದ್ದೇ ತಡ, ಮುಳಬಾಗಿಲಿನ ಮೇಸ್ತ್ರಿ ನೆನಪಾದರು...

ಕಾರು ರಿಪೇರಿ ಮಾಡೋರನ್ನು ನಾವು ಮೇಸ್ತ್ರಿ ಅಂತಲೇ ಕರೀತಿದ್ದದ್ದು. ಹೆದ್ದಾರಿ ಪಕ್ಕದಲ್ಲಿ ಅವರ ತಗಡಿನ ಶೆಡ್ಡು. ಜಂಬ ಕೊಚ್ಚೋದರಲ್ಲಿ ಅವರನ್ನು ಮೀರಿಸೋರಿರಲಿಲ್ಲ. "ಆಂಧ್ರದ ಲಾರಿಗಳು ಕೆಟ್ಟರೆ ನನ್ನ ಶೆಡ್ಡಿನ ಮುಂದೇನೇ ಕೆಡೋದು, ಅವಕ್ಕೂ ಗೊತ್ತು" ಅನ್ನೋರು.

ಆಗ ನಮ್ಮನೇಲಿ ರೇಷ್ಮೆ ಹುಳ ಸಾಕ್ತಿದ್ವಿ. ಹುಳ ಕೊನೇ ಸಲ ಪೊರೆ ಬಿಟ್ಟ ಮೇಲೆ ಬಕಾಸುರನ ಹಾಗೆ ಮೇಯುತ್ತೆ. ಸೊಪ್ಪು ತಪ್ಪಿತೋ, ಅಮ್ಮನ ಇಡೀ ಬೆಳೆ ಹೋಯಿತು ಅಂತಲೇ ಲೆಕ್ಕ. ನಮ್ಮ ತೋಟದ ಸೊಪ್ಪು ಸಾಲದೆ ಶ್ರೀನಿವಾಸಪುರದ ಕಡೆಯಿಂದ ನಾನೇ ಕಾರಲ್ಲಿ ತುಂಬಿಕೊಂಡು ಬರ್ತಿದ್ದೆ. ಅಂಥ ಹೊತ್ತಲ್ಲೇ ಈ ಕಾರು ಆಯಿಲ್ ಸೋರೋಕೆ ಶುರು ಮಾಡಬೇಕೆ? ಕೋಲಾರದಲ್ಲಿ ಇಂಜಿನ್ ಮುಚ್ಚಳದ ಸಂದಿಗೆ ಕೂರಿಸೋ ಪ್ಯಾಕಿಂಗ್ ಬದಲಾಯಿಸಿ ಬೋಲ್ಟುಗಳನ್ನು ಬಿಗಿದರು, ಸೋರಿಕೆ ನಿಲ್ಲಲಿಲ್ಲ. "ಗುಜರಿಗೆ ಹಾಕ್ಬಿಡೋಣ" ಅಂದರು ಅಪ್ಪ. ನನಗೆ ಮನಸ್ಸು ಬರಲಿಲ್ಲ. ಅಮ್ಮನನ್ನೂ ಕೂರಿಸಿಕೊಂಡು ನೇರ ಮೇಸ್ತ್ರಿ ಹತ್ತಿರ ಹೋದೆ.

ಮೇಸ್ತ್ರಿ ಇಂಜಿನ್ ಒರೆಸಿ, ಸೋರೋ ಜಾಗ ಕಾಣಲಿ ಅಂತ ಪೌಡರು ಚೆಲ್ಲಿ, ಸ್ಟಾರ್ಟ್ ಮಾಡಿಸಿದರು. ಬೆಳ್ಳಗಿದ್ದದ್ದು ಮೇಲಿನ ಮುಚ್ಚಳದ ಅಂಚಲ್ಲಿ, ಪಕ್ಕದಲ್ಲಿ, ತಳದಲ್ಲಿ ಒಟ್ಟೊಟ್ಟಿಗೆ ಕಪ್ಪಾಯಿತು.

"ಒಂದು ಕಡೆ ನೆಂದ್ರೆ ಪ್ಯಾಕಿಂಗ್ ಹೋಗಿದೆ ಅಂತ. ಎಲ್ಲಾ ಕಡೆ ನೆಂದ್ರೆ ಊಪಿರಿ ಆಡ್ತಿಲ್ಲ ಅಂತ. ಉಸಿರು ಕಟ್ಟಿದೆ ಕಣಮ್ಮಾ ಇದಕ್ಕೆ" ಅಂದರು. ಇಂಜಿನ್ನಿನೊಳಗಿನ ಹೊಗೆ ಆಚೆ ಹೋಗೋ ಕೊಳವೆಗೆ ಬೆರಳು ಹಾಕಿ ಎಳೆದರೆ, ಬಂತು ನೋಡಿ ನೀಲಿ ಸೀರೆಯ ತುಂಡು! ಅಮ್ಮನದೇ ಸೀರೆ.

"ಅದ್ರಿಂದ ಹೊಗೆ ವಾಸನೆ ಬರ್ತಿತ್ತಪ್ಪಾ" ಅಂದಳು ಅಮ್ಮ, ಒಂಚೂರೂ ಅಳುಕದೆ. "ಸೊಪ್ಪಿಗೆ ಹತ್ತಿದ್ರೆ ಹುಳ ಬಾಯಿಡಲ್ಲ. ಅದಕ್ಕೇ ತುರುಕ್ದೆ."

ಮೇಸ್ತ್ರಿ ನಕ್ಕೂ ನಕ್ಕೂ ಟೈರಿನ ಮೇಲೆ ಕೂತುಬಿಟ್ಟರು. "ಹುಳ ಉಳಿಸೋಕೆ ಇಂಜಿನ್ ಕತ್ತು ಹಿಸುಕಿದ್ದೀರಲ್ಲಕ್ಕಾ." ಆದರೆ ಅಮ್ಮನ ಭಯವನ್ನು ಅವರು ತಳ್ಳಿಹಾಕಲಿಲ್ಲ. ಆ ಕೊಳವೆಗೆ ಉದ್ದದ ರಬ್ಬರ್ ಪೈಪು ಸಿಕ್ಕಿಸಿ, ಹೊಗೆ ಕಾರಿನ ಹಿಂದಕ್ಕೆ ಹೋಗೋ ಹಾಗೆ ಮಾಡಿದರು. ಒತ್ತಡಕ್ಕೆ ಹಾಳಾಗಿದ್ದ ಪ್ಯಾಕಿಂಗ್ ತೆಗೆದು ಹೊಸದು ಕೂರಿಸಿ, ಬೋಲ್ಟುಗಳನ್ನು ಹದವಾಗಿ ಬಿಗಿದರು. ಜಾಸ್ತಿ ಬಿಗಿದರೆ ಪ್ಯಾಕಿಂಗೇ ಹಿಸುಕಿಹೋಗುತ್ತಂತೆ.

"ಇವತ್ತು ರಾತ್ರಿ ಕಾರಿನಡಿ ಪೇಪರ್ ಹಾಸು. ಬೆಳಿಗ್ಗೆ ತಗೊಂಬಂದು ತೋರಿಸು" ಅಂದರು. ಅದು ಅವರ ಪದ್ಧತಿ. ಬೆಳಿಗ್ಗೆ ಪೇಪರನ್ನು ಬಿಸಿಲಿಗೆ ಹಿಡಿದು ನೋಡಿದರು. ಒಂದು ಹನಿಯೂ ಇರಲಿಲ್ಲ. ಆ ಪೇಪರಿನ ಮೇಲೇ ಖಾರ ಪುರಿ ಸುರಿದು, ಅರ್ಧ ನನ್ನ ಕಡೆ ತಳ್ಳಿ, ತಿನ್ನತೊಡಗಿದರು. ಅವರ ಗ್ಯಾರಂಟಿ ಅಂದರೆ ಅದೇ. ಆ ಸಲ ನಮ್ಮ ಗೂಡು ಗಟ್ಟಿಯಾಗಿ ಬಂತು, ಕಾರೂ ಉಳೀತು.

ಈಗ ಆ ಶೆಡ್ಡಿಲ್ಲ, ರಸ್ತೆ ಅಗಲವಾಗಿದೆ. ಮೇಸ್ತ್ರಿ ತೀರಿಹೋಗಿಯೂ ಬಹಳ ವರ್ಷವಾಯಿತು... ನಿನ್ನೆ ಪೌಡರು ನೆಂದದ್ದು ಒಂದೇ ಕಡೆ, ಮೇಲಿನ ಮುಚ್ಚಳದ ಹಿಂದಿನ ಮೂಲೆಯಲ್ಲಿ. ಅಂದಮೇಲೆ ಪ್ಯಾಕಿಂಗೇ. ಆದರೂ ಕೊಳವೆಗೆ ಕೈ ಅಡ್ಡ ಹಿಡಿದು ಉಸಿರು ಸರಿಯಿದೆಯಾ ಅಂತ ನೋಡಿಕೊಂಡೆ. ಪ್ಯಾಕಿಂಗ್ ನಾನೇ ಬದಲಾಯಿಸಿದೆ, ಹದವಾಗಿ ಬಿಗಿದೆ, ಪೇಪರ್ ಹಾಸಿದೆ.

ಇವತ್ತು ಬೆಳಿಗ್ಗೆ ಪೇಪರ್ ಮೇಲೆ ಒಂದು ಹನಿಯೂ ಇರಲಿಲ್ಲ. "ಸರಿಹೋಯ್ತೇನೇ?" ಅಂದರು ನಮ್ಮ ಯಜಮಾನರು. "ನಾನು ಮಾಡಿದ್ಮೇಲೆ ಹೋಗದೆ ಇರುತ್ತಾ?" ಅಂದೆ, ಥೇಟ್ ಮೇಸ್ತ್ರಿ ಧಾಟಿಯಲ್ಲಿ. ಪೇಪರ್ ಮಡಿಸಿ ಕಂಕುಳಲ್ಲಿಟ್ಟುಕೊಂಡು ಗೇಟಿನವರೆಗೂ ನಡೆದುಬಿಟ್ಟಿದ್ದೆ. ಯಾರಿಗೆ ತೋರಿಸೋದು ಅಂತ ಆಮೇಲೆ ಹೊಳೀತು. ವಾಪಸ್ ಬಂದು ಜಗಲಿ ಮೇಲೆ ಪೇಪರ್ ಹರವಿ ಖಾರ ಪುರಿ ಸುರಿದುಕೊಂಡೆ. ನನ್ನ ಪಾಲಿನ ಅರ್ಧ ತಿಂದು, ಮೇಸ್ತ್ರಿ ಪಾಲಿನ ಅರ್ಧ ಹಾಗೇ ಬಿಟ್ಟೆ.